ಡಬ್ಬಿಯೊಳಗಿನ ಮಳೆಗಾಲ

ಅಕ್ಕಿಆಲೂರಿನಿಂದ ಪಡುವಣಕ್ಕೆ ಹೊರಟರೆ ಮಲೆನಾಡಿನ ಸೆರಗು, ಮೂಡಣಕ್ಕೆ ಹೊರಟರೆ ಬಯಲುಸೀಮೆಯ ಬಿಸಿಲು. ನಡುವಿನ ಈ ಅರೆಮಲೆನಾಡಿನಲ್ಲಿ ಮಿರ್ಗದ ಮಳೆ ಬಿದ್ದರೆ ಬದು, ಬೇಲಿ, ಗದ್ದೆ ಎಲ್ಲ ಹಸಿರು. ಸುಗ್ಗಿ ಮುಗಿದರೆ ಕಣ್ಣು ಹಾಯಿಸಿದಲ್ಲೆಲ್ಲ ಗೋವಿನಜೋಳದ ಒಣದಂಟಿನ ಕಂದು. ಇಂಥ ಸೀಮೆಯಲ್ಲಿ ಸೂರ್ಯನ ಕುದುರೆಯೂ ಒಮ್ಮೆ ಹಸಿರಾಗಿ, ಒಮ್ಮೆ ಕಂದಾಗಿ ಎದುರಾಗುವುದು ಸಹಜವೇ. ಮುಂಗಾಲು ಮಡಚಿ, ಮುಕ್ಕೋನದ ತಲೆ ಹೊರಳಿಸಿ ನಮ್ಮನ್ನೇ ದಿಟ್ಟಿಸುವ ಆ ಹುಳದೆದುರು ಎಷ್ಟು ಹೊತ್ತು ಕೂತರೂ ನನಗೆ ಬೇಸರವಿಲ್ಲ.

ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದ ಗಾಜಿನ ಡಬ್ಬಿಯಲ್ಲಿ ಕಡ್ಡಿಯೊಂದನ್ನು ನಿಲ್ಲಿಸಿ ಮರಿ ಸಾಕತೊಡಗಿದರೆ ಓಣಿಯ ಹುಡುಗರದು ಒಂದೇ ಪ್ರಶ್ನೆ: "ಕಾಕಾ, ಹಸಿರ ಎಲಿ ಇಟ್ರ ಇದೂ ಹಸಿರ ಆಕ್ಕೈತೇನ್ರೀ?" ಎಲೆಯನ್ನು ನೋಡಿ ನೋಡಿ ಹುಳ ಎಲೆಯಾಗುವ ಆ ಕಲ್ಪನೆ ನನಗೂ ಇಷ್ಟ. ಆದರೆ ನಿಂತ ನಿಲುವಿನಲ್ಲಿ ಬಣ್ಣ ತಿರುಗಿಸಲು ಇದು ಗೋಸುಂಬೆಯಲ್ಲ. ತೀರ್ಮಾನ ಬಹುಮಟ್ಟಿಗೆ ಪೊರೆ ಬಿಡುವಾಗ. ತಲೆಕೆಳಗಾಗಿ ತೂಗಿ, ಹಳೆಯ ಚರ್ಮ ಸೀಳಿ ಮೆತ್ತಗೆ ಜಾರಿ ಬರುವ ಆ ಪೊರೆಗಾಲದ ಸುತ್ತಮುತ್ತ ಗಾಳಿ ತೇವವಾಗಿದ್ದರೆ ಹಲವು ಜಾತಿಗಳ ಒಲವು ಹಸಿರಿಗೆ. ಗಾಳಿ ಒಣಗಿ ಬೆಳಕು ಪ್ರಖರವಾಗಿದ್ದರೆ ಕಂದಿಗೆ. ಅಂದರೆ ಬೆಳಿಗ್ಗೆ ಪರದೆಯ ಮೇಲೆ ನೀರು ಚಿಮುಕಿಸುವ ನನ್ನ ಕೈಯೇ ಅದಕ್ಕೆ ಆರಿದ್ರಾ ಮಳೆ, ನನ್ನ ಕಿಟಕಿಯೇ ಚೈತ್ರದ ಬಿಸಿಲು. ಡಬ್ಬಿಮಳೆಯ ಈ ಅಧಿಕಾರ ನೆನೆದಾಗ ಕೈ ತಾನಾಗಿ ಮೃದುವಾಗುತ್ತದೆ.

ಎಲ್ಲವೂ ಮಳೆಯ ಮಾತು ಕೇಳುವುದಿಲ್ಲ. ದಕ್ಷಿಣ ಭಾರತದಲ್ಲೂ ಇರುವ, ಪಿಟೀಲಿನ ಮೈಕಟ್ಟಿನ ಗಾಂಗಿಲಸ್ ಎಷ್ಟು ತೋಯಿಸಿದರೂ ಒಣ ಎಲೆಯ ಬಣ್ಣದ್ದೇ. ಅತ್ತ ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ಹುಲ್ಲುಗಾವಲು ಸುಟ್ಟ ಮೇಲೆ ಕೆಲವು ಜಾತಿಗಳು ಪೊರೆ ಬಿಟ್ಟು ಕರಿಯಾಗಿಬಿಡುತ್ತವೆ. ಕಣ್ಣಿನ ಕತೆಯೇ ಬೇರೆ: ಮೈ ಯಾವ ಬಣ್ಣವಿರಲಿ, ಇರುಳಾದರೆ ಕಣ್ಣು ಕಪ್ಪು, ಬೆಳಗಾದರೆ ಮತ್ತೆ ತಿಳಿ. ಅದಕ್ಕೆ ಪೊರೆಯ ಹಂಗಿಲ್ಲ.

ಇನ್ನು ಆ ಹಸಿರು. ಬಿಲಿವರ್ಡಿನ್ ಎಂಬ ನೀಲಿಛಾಯೆಯ ವರ್ಣದ್ರವ್ಯಕ್ಕೆ ಕ್ಯಾರೊಟಿನಾಯ್ಡ್‌ಗಳ ಹಳದಿ ಕೂಡಿ ಹುಟ್ಟಿದ ಬಣ್ಣ ಅದು. ಹಳದಿಯನ್ನು ತುತ್ತಿನಿಂದಲೇ ಪಡೆಯಬೇಕು. ಸೊಪ್ಪು ತಿಂದ ಮಿಡತೆಯನ್ನು ಇದು ತಿನ್ನಬೇಕು. ನಮ್ಮ ಸೀಮೆಯ ಗರಿಕೆ ಮಿಡತೆಯ ಹೊಟ್ಟೆ ಹಾಯ್ದು ಬೇಟೆಗಾರನ ಮೈಮೇಲೆ ಬಂದು ನಿಲ್ಲುವ ಆ ದಾರಿಯನ್ನು ಮನಸ್ಸಿನಲ್ಲಿ ನಡೆದು ಬರುವುದು ನನಗೊಂದು ಸುಖ.

ಬಣ್ಣ ತಪ್ಪಿದರೆ ಏನಾಗುತ್ತದೆಂದು ಇಟಲಿಯಲ್ಲಿ ದಿ ಚೆಸ್ನೋಲಾ ಎಂಬಾತ ಈ ಹುಳಗಳನ್ನು ರೇಷ್ಮೆ ಎಳೆಯಿಂದ ಗಿಡಗಳಿಗೆ ಕಟ್ಟಿ ನೋಡಿದ. ಫಲ ಪ್ರಕಟವಾದದ್ದು 1904ರಲ್ಲಿ. ಹಸಿರು ಹುಲ್ಲಿನ ಮೇಲಿನ 20 ಹಸಿರು ಹುಳಗಳೂ ಉಳಿದವು. ಒಣಹುಲ್ಲಿನ ಮೇಲಿನ 25 ಹಸಿರು ಹುಳಗಳಲ್ಲಿ ಒಂದೂ ಉಳಿಯಲಿಲ್ಲ. ಆ ಲೆಕ್ಕ ಓದಿದಂದಿನಿಂದ ಡಬ್ಬಿಯ ಋತುವಿಗೂ ಹೊರಗಿನ ಋತುವಿಗೂ ತಾಳೆ ನೋಡುತ್ತೇನೆ. ರೆಕ್ಕೆ ಮೂಡಿದ ಮೇಲೆ ಮತ್ತೆ ಪೊರೆಯಿಲ್ಲ. ನಾನು ಕೊಟ್ಟ ಬಣ್ಣದಲ್ಲೇ ಅದು ಹೊರಗೆ ಬಾಳಬೇಕು. ಹಸಿರಾಗಿದ್ದರೆ ಗದ್ದೆಯ ಬದುವಿಗೆ ಒಯ್ದು ಬಿಡುತ್ತೇನೆ, ಕಂದಾಗಿದ್ದರೆ ಗೋವಿನಜೋಳದ ಒಣದಂಟಿನ ಹೊಲಕ್ಕೆ.