ಲಾಪುವಾ: ಹಿತ್ತಾಳೆಯ ಊರು

ಹೆಲ್ಸಿಂಕಿಯಿಂದ ಉತ್ತರಾಭಿಮುಖವಾಗಿ ಹೊರಟ ರೈಲು ಕಾಡು ಸರೋವರಗಳನ್ನೆಲ್ಲ ಹಿಂದಿಟ್ಟು ಫಿನ್ಲೆಂಡಿನ ಪಶ್ಚಿಮ ಬಯಲನ್ನು ಹೊಕ್ಕಾಗ ನೆಲವು ಅಂಗೈಯಂತೆ ಸಮತಟ್ಟಾಗುತ್ತದೆ. ಕಣ್ಣು ಹರಿಯುವಷ್ಟು ದೂರ ಹೊಲಗಳು. ನಡುನಡುವೆ ಹುಲ್ಲು ಕೂಡಿಡುವ ಮರದ ಕೊಟ್ಟಿಗೆಗಳು. ಈ ಬಯಲಿನಲ್ಲಿ ಬೋತ್ನಿಯ ಕೊಲ್ಲಿಯ ಕಡೆಗೆ ನಿಧಾನವಾಗಿ ಹರಿಯುವ ನದಿಯೊಂದರ ದಡದಲ್ಲಿದೆ ಲಾಪುವಾ. ಊರಿನ ದೊಡ್ಡ ಇಗರ್ಜಿ 1827ರಲ್ಲಿ ಮುಗಿದದ್ದು. ಹೆಲ್ಸಿಂಕಿಯ ಭವ್ಯ ಸೌಧಗಳನ್ನು ರೂಪಿಸಿದ ಶಿಲ್ಪಿ ಕಾರ್ಲ್ ಲುಡ್ವಿಗ್ ಎಂಗೆಲನೇ ಇದರ ನಕ್ಷೆಯನ್ನೂ ಬರೆದನು.

ಇಂತಹ ಸಣ್ಣ ಊರಿನ ಹೆಸರು ಅಮೆರಿಕದಿಂದ ಆಸ್ಟ್ರೇಲಿಯದವರೆಗೆ ಗುರಿಕಾರರ ನಾಲಗೆಯ ಮೇಲೆ ಆಡುವುದಾದರೂ ಏಕೆ? ಅದಕ್ಕೆ ಕಾರಣ ಕಿರುಬೆರಳಿನಷ್ಟು ಉದ್ದದ ಒಂದು ಹಿತ್ತಾಳೆಯ ಚಿಪ್ಪು. 1923ರಲ್ಲಿ ಇಲ್ಲಿ ಸರ್ಕಾರಿ ತೋಟಾ ಕಾರ್ಖಾನೆ ಆರಂಭವಾಯಿತು. ಊರಿನವರು ಅದನ್ನು 'ಪೌಕ್ಕು' ಎಂದು ಕರೆದರು. ಫಿನ್ನಿಷ್ ಭಾಷೆಯಲ್ಲಿ ಆ ಮಾತಿನ ಅರ್ಥ 'ಢಂ' ಎಂಬ ಸದ್ದು.

ತೋಟಾ ಎಂದರೆ ಗುಂಡು, ಮದ್ದು, ಕೇಪು ಈ ಮೂರನ್ನೂ ಒಂದಾಗಿ ಹಿಡಿದಿಡುವ ಚಿಪ್ಪು. ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತುವು ಸೇರಿದ ಹಿತ್ತಾಳೆಯ ಬಿಲ್ಲೆಯನ್ನು ಬಟ್ಟಲಾಗಿ ಒತ್ತಿ, ಹಂತಹಂತವಾಗಿ ಎಳೆದು ಕೊಳವೆ ಮಾಡುತ್ತಾರೆ. ಎಳೆದಷ್ಟೂ ಹಿತ್ತಾಳೆ ಗಡುಸಾಗುತ್ತದೆ. ಗಡುಸಾದುದನ್ನು ಕಾಯಿಸಿ ಮೆದು ಮಾಡದೆ ಮುಂದಿನ ಹೆಜ್ಜೆ ಇಡಲಾಗದು. ಕೊನೆಗೆ ಕುತ್ತಿಗೆಯ ಭಾಗವನ್ನು ಮತ್ತೊಮ್ಮೆ ಕಾಯಿಸುತ್ತಾರೆ. ಆ ಬೆಂಕಿಯ ಕಂದು ನೀಲಿ ಛಾಯೆಯನ್ನು ಉಜ್ಜಿ ತೆಗೆಯದೆ ಹಾಗೆಯೇ ಉಳಿಸುವುದು ಲಾಪುವಾದ ವಾಡಿಕೆ.

ಈ ಕೊನೆಯ ಕಾವಿನ ಮಹತ್ವವನ್ನು ಲೋಕಕ್ಕೆ ಕಲಿಸಿದ್ದು ನಮ್ಮ ದೇಶದ ಮಳೆಗಾಲವೆಂದರೆ ಓದುಗರಿಗೆ ಅಚ್ಚರಿಯಾದೀತು. ಬ್ರಿಟಿಷರ ಕಾಲದಲ್ಲಿ ಸೈನ್ಯವು ಮಳೆಗಾಲ ಕಳೆಯುವತನಕ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ತೆಗೆದು ನೋಡಿದರೆ ಹಿತ್ತಾಳೆ ತಾನಾಗಿ ಬಿರಿದಿರುತ್ತಿತ್ತು. ಕುದುರೆಯ ಮೂತ್ರದಿಂದ ಏಳುವ ಅಮೋನಿಯವು ಬಿಗುವು ಉಳಿದ ಲೋಹವನ್ನು ಸೀಳುತ್ತದೆಂಬ ಗುಟ್ಟನ್ನು ವಿಜ್ಞಾನಿಗಳು 1921ರಲ್ಲಿ ವಿವರಿಸಿದರು. ಹದವಾಗಿ ಕಾಯಿಸಿ ಬಿಗುವನ್ನು ಕಳೆಯುವುದೇ ಅದಕ್ಕೆ ಮದ್ದಾಯಿತು.

ಲಾಪುವಾದ ಚಿಪ್ಪುಗಳಲ್ಲಿ ಒಂದರ ವಂಶಾವಳಿ ಬಹು ಸ್ವಾರಸ್ಯಕರ. ಸೋವಿಯತ್ ಸೈನಿಕರ 7.62×39 ತೋಟಾದ ಕುತ್ತಿಗೆಯನ್ನು ಕಿರಿದುಗೊಳಿಸಿದಾಗ '.220 ರಷ್ಯನ್' ಹುಟ್ಟಿತು. ಲೂಯಿ ಪಾಲ್ಮಿಸಾನೊ ಎಂಬ ಶಸ್ತ್ರವೈದ್ಯ, ಫೆರಿಸ್ ಪಿಂಡೆಲ್ ಎಂಬ ಅಚ್ಚುಕುಶಲಿ, ಈ ಇಬ್ಬರು ಅಮೆರಿಕನ್ನರು 1975ರ ವೇಳೆಗೆ ಅದನ್ನೇ ಮತ್ತೆ ತಿದ್ದಿ '6 ಪಿ.ಪಿ.ಸಿ.' ಮಾಡಿದರು. ಚಿಪ್ಪು ಗಿಡ್ಡವಾಗಿ ದಪ್ಪವಾಗಿದ್ದರೆ ಮದ್ದು ಪ್ರತಿಸಲವೂ ಒಂದೇ ತೆರನಾಗಿ ಉರಿಯುತ್ತದೆಂಬುದು ಅವರ ವಾದ. ಮೇಜಿನ ಮೇಲೆ ಕೋವಿಯನ್ನಿಟ್ಟು 100, 200 ಗಜಗಳಿಂದ ಗುರಿಯಿಡುವ ಸ್ಪರ್ಧೆಗಳಲ್ಲಿ ಅದು ವರ್ಷಾನುಗಟ್ಟಲೆ ಅಗ್ರಸ್ಥಾನದಲ್ಲಿ ನಿಂತಿತು. ಶೀತಲ ಸಮರದ ಎರಡು ಪಾಳೆಯಗಳು ಒಂದು ಹಿತ್ತಾಳೆಯ ಚಿಪ್ಪಿನಲ್ಲಿ ಹೀಗೆ ಕೈಕುಲುಕಿದುವು!

ಚಿಪ್ಪನ್ನು ತಿದ್ದುವುದು ಅಕ್ಕಸಾಲಿಯ ತಾಳ್ಮೆ ಬೇಡುವ ಕೆಲಸ. ಮೊದಲು ಎಣ್ಣೆ ಸವರಿದ ದಂಡವನ್ನು ತೂರಿಸಿ ಕುತ್ತಿಗೆಯನ್ನು 6 ಮಿಲಿಮೀಟರಿಗೆ ಹಿಗ್ಗಿಸಬೇಕು. ಬಳಿಕ ಅದರ ಹೊರಮೈಯನ್ನು ಹೆರೆದು ಸುತ್ತಲೂ ಒಂದೇ ದಪ್ಪಕ್ಕೆ ತರಬೇಕು. ಆಮೇಲೆ ಹೊಸ ಆಕಾರದ ಕೋವಿಯಲ್ಲಿಟ್ಟು ಹಾರಿಸಿದರೆ ಇಳಿಜಾರಾದ ಹಳೆಯ ಹೆಗಲು ಒತ್ತಡಕ್ಕೆ ಉಬ್ಬಿ, ಕೋವಿಯ ಗರ್ಭದ ಅಚ್ಚನ್ನೇ ತಳೆದು, 30 ಡಿಗ್ರಿ ಕೋನದಲ್ಲಿ ನಿಲ್ಲುತ್ತದೆ. ದೊಡ್ಡ ಕುತ್ತಿಗೆಯನ್ನು ಕಿರಿದು ಮಾಡುವಲ್ಲಿ ಅಪಾಯ ಬೇರೆ ಬಗೆಯದು. ಒತ್ತಿದ ಲೋಹ ದಪ್ಪವಾಗುತ್ತದೆ; ಅದನ್ನು ಅಳೆದು ಹೆರೆಯದಿದ್ದರೆ ಗುಂಡನ್ನು ಬಿಡಲು ಕುತ್ತಿಗೆಗೆ ಜಾಗ ಸಾಲದೆ ಒತ್ತಡ ಮಿತಿಮೀರುತ್ತದೆ. ಅಲಕ್ಷ್ಯ ಮಾಡಿದವನ ಕಣ್ಣಿಗೂ ಕೈಗೂ ಅದು ಕುತ್ತು.

ಇನ್ನು ಮಧ್ಯಮ ಗಾತ್ರದ ಗುರಿತೋಟಾಗಳ ತಾರತಮ್ಯಕ್ಕೆ ಬಂದರೆ, ಗುರಿಕಾರರ ಚರ್ಚೆಗೆ ಕೊನೆಯೇ ಇಲ್ಲ. 1952ರಲ್ಲಿ ಮಾರುಕಟ್ಟೆಗೆ ಬಂದ .308 ಎಲ್ಲೆಡೆ ದೊರೆಯುತ್ತದೆ, ನಳಿಗೆಯನ್ನೂ ಬೇಗ ಸವೆಸದು. ಆದರೆ ಸುಮಾರು 11 ಗ್ರಾಂ ತೂಕದ ಅದರ ಗುಂಡು ಹೆಗಲನ್ನು ಬಲವಾಗಿಯೇ ಗುದ್ದುತ್ತದೆ. 6.5 ಮಿಲಿಮೀಟರಿನ ಗುಂಡು ಸುಮಾರು 9 ಗ್ರಾಂ ತೂಗಿದರೂ ನೀಳವಾಗಿ ತೆಳ್ಳಗಿರುವುದರಿಂದ ಗಾಳಿಗೆ ಕಡಿಮೆ ಸರಿಯುತ್ತದೆ, ಗುದ್ದೂ ಹಗುರ. ಸ್ವೀಡನ್ ನಾರ್ವೆಗಳ 1894ರ 6.5×55 ಈ ಗುಣವನ್ನು ಮೊದಲೇ ತೋರಿಸಿತ್ತು. .308ರ ಕುತ್ತಿಗೆಯನ್ನೇ 6.5ಕ್ಕೆ ಇಳಿಸಿದ .260 ರೆಮಿಂಗ್ಟನ್ 1997ರಲ್ಲಿ ಬಂದಿತು. 300 ಮೀಟರ್ ಸ್ಪರ್ಧೆಗೆಂದೇ ಲಾಪುವಾದವರು ಸ್ವಿಸ್ ಕೋವಿ ತಯಾರಕರೊಡನೆ ಸೇರಿ 2005ರಲ್ಲಿ 6.5×47 ಚಿಪ್ಪನ್ನು ಹೊರತಂದರು: ಗಿಡ್ಡ ಮೈ, ಸಣ್ಣ ಕೇಪು, ಗಟ್ಟಿ ತಳ. ಇವುಗಳಲ್ಲಿ ಯಾವುದು ಉತ್ತಮ? ದೂರ, ಗಾಳಿ, ನಳಿಗೆಯ ಆಯುಸ್ಸು, ಹಾರಿಸುವವನ ಹೆಗಲು ಇವನ್ನೆಲ್ಲ ಕೂಡಿಸಿಯೇ ಉತ್ತರ ಹೇಳಬೇಕು.

ಆದರೆ ಲಾಪುವಾದ ಕಥೆಯನ್ನು ಹಿತ್ತಾಳೆಯ ಅಳತೆಗಳಲ್ಲಿಯೇ ಮುಗಿಸುವಂತಿಲ್ಲ. ಚಿಪ್ಪಿಗೆ ಮದ್ದು ತುಂಬುವ ಕೈಗಳೂ ಇದ್ದುವು. ಅವುಗಳಲ್ಲಿ ಬಹುಪಾಲು ಹೆಣ್ಣುಮಕ್ಕಳ ಕೈಗಳು. 1976ನೆಯ ಏಪ್ರಿಲ್ 13, ಮಂಗಳವಾರ. ಬೆಳಗಿನ ಪಾಳಿ ಕೆಲಸಕ್ಕೆ ತೊಡಗಿತ್ತು. ಎಂಟು ಗಂಟೆಗೆ ಮೊದಲೇ ಮದ್ದು ತುಂಬುವ ಕಟ್ಟಡ ಸಿಡಿದು ನೆಲಸಮವಾಯಿತು. 40 ಮಂದಿ ಸತ್ತರು; ಅವರಲ್ಲಿ 35 ಮಂದಿ ಹೆಂಗಸರು. ಸುಮಾರು 60 ಮಕ್ಕಳು ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡರು. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರು ಅದು. ಸಾವಿನ ನೆರಳು ಬೀಳದ ಬೀದಿ ಯಾವುದು ಉಳಿದೀತು? ಶಾಂತಿಕಾಲದ ಫಿನ್ಲೆಂಡು ಕಂಡ ಅತಿ ಘೋರ ಕೈಗಾರಿಕಾ ದುರಂತ ಅದು.

ತೋಟಾಗಳ ತಯಾರಿಕೆ ಇಂದು ಊರಿನ ನಡುವೆ ನಡೆಯುತ್ತಿಲ್ಲ. ದೂರದ ಕಾಡಿನ ಮಗ್ಗುಲಿಗೆ ಸರಿದಿದೆ. ಹಳೆಯ ಕಾರ್ಖಾನೆಯ ಕಟ್ಟಡಗಳನ್ನು ಮಾತ್ರ ಊರು ಕೆಡವಿಹಾಕಲಿಲ್ಲ. ಅಲ್ಲೀಗ ಪುಸ್ತಕ ಭಂಡಾರವಿದೆ, ಚಿತ್ರಶಾಲೆಯಿದೆ, ಚಲನಚಿತ್ರ ಮಂದಿರವಿದೆ. ಹೆಸರನ್ನೂ ಬದಲಿಸಲಿಲ್ಲ: 'ವಾನ್ಹಾ ಪೌಕ್ಕು', ಎಂದರೆ ಹಳೆಯ 'ಢಂ'. ಮಡಿದವರ ಸ್ಮಾರಕವೂ ಆ ನೆರೆಯಲ್ಲಿಯೇ ಇದೆ.

ಹಾರಿಸಿದ ಹಿತ್ತಾಳೆಯ ಚಿಪ್ಪನ್ನು ಕಾಯಿಸಿ, ಮೆದು ಮಾಡಿ, ಹೊಸ ಆಕಾರಕ್ಕೆ ತಂದು ಮತ್ತೆ ಬಳಸಬಹುದು. ಲೋಹದ ಭಾಗ್ಯ ಅದು. ಮನುಷ್ಯರಿಗೆ ಆ ಭಾಗ್ಯವಿಲ್ಲ. ಆದರೂ ಮದ್ದಿನ ಮನೆಯಿದ್ದ ಊರಿನಲ್ಲಿ ಈಗ ಸಂಜೆಯ ಹೊತ್ತು ಮಕ್ಕಳು ಪುಸ್ತಕಗಳನ್ನು ಎದೆಗವಚಿಕೊಂಡು ಹಳೆಯ ಕಾರ್ಖಾನೆಯ ಬಾಗಿಲಿನಿಂದ ಹೊರಬರುತ್ತಾರೆ. ನದಿ ಎಂದಿನಂತೆ ಸದ್ದಿಲ್ಲದೆ ಹರಿಯುತ್ತದೆ.