ಅಜ್ಜಂಪುರದ ಅಡ್ಮಿರಲ್

ಅಜ್ಜಂಪುರದವರು ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಬೇಕು. ಆದರೂ ನಮ್ಮ ಸೀಮೆಗೊಂದು ಮೀಸಲು ನೌಕಾದಳ ಬೇಕೆಂದು ಸೋದರಮಾವ ಯಾರದೋ ಲಗ್ನಪತ್ರಿಕೆಯ ಬೆನ್ನ ಮೇಲೆ ಅಂದಾಜುಪಟ್ಟಿ ಬರೆದರು. ನೌಕಾಪಡೆಯಿಂದ ನಿವೃತ್ತರಾದವರು. ಯುದ್ಧ ಬಂದರೆ ತಮಗೆ ಕರೆ ಬಂದೇ ಬರುತ್ತದೆಂಬ ನಂಬಿಕೆಯಲ್ಲಿ ವರ್ಷಗಟ್ಟಲೆ ಬೂಟಿಗೆ ಪಾಲಿಶ್ ತಪ್ಪಿಸಿದವರಲ್ಲ.

ನೆಲೆ: ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ, ಭದ್ರಾ ಹಿನ್ನೀರು. ನೌಕೆ: ತೆಪ್ಪ ಎರಡು. ನಾವಿಕರು: ಕಡೂರು ಕಡೆಯ ತೆಂಗಿನಕಾಯಿ ಕೀಳುವವರಿಬ್ಬರು, ಪಟದ ಕಂಬ ಹತ್ತಲು ತರಬೇತಿ ಖರ್ಚು ಉಳಿಯುತ್ತದೆ. ಅಡ್ಮಿರಲ್: ಒಂದು ಹುದ್ದೆ, ಭರ್ತಿಯಾಗಿದೆ. ಕಾಫಿ ಬಾಬ್ತು ಮಾತ್ರ ತೆಪ್ಪದ ಬಾಬ್ತನ್ನು ಮೀರಿತ್ತು.

ಅತ್ತೆ ಕನ್ನಡಕ ಏರಿಸಿ ಓದಿದರು. “ಯುದ್ಧವೇ ಇಲ್ಲದಾಗ ಇವರಿಗೆಲ್ಲ ಕೂಳು ಯಾಕ್ರೀ?”

“ಮದರಾಸಿನ ಗವರ್ನರೂ ಇದನ್ನೇ ಕೇಳಿದ್ದ ಕಣೇ!”

ಮಾವ ಹೇಳಿದ್ದು ಅಮೃತಮಹಲಿನ ಕಥೆ. ಮೈಸೂರು ಅರಸರ ಬೆಣ್ಣೆ ಚಾವಡಿಗೆ ಆ ಹೆಸರಿಟ್ಟವನು ಟಿಪ್ಪು. ಯುದ್ಧ ಬಂದರೆ ಫಿರಂಗಿ ಎಳೆಯುವ ಎತ್ತು, ಇಲ್ಲದಿದ್ದರೆ ಕಾವಲಿನಲ್ಲಿ ಮೇಯುವ ದನ. ಬೇಸಿಗೆಗೊಂದು, ಮಳೆಗೊಂದು, ಚಳಿಗೊಂದು ಕಾವಲು. ನೋಡಿಕೊಳ್ಳಲು ಸೇರ್ವೆಗಾರರು, ಗೊಲ್ಲರು. ಹುಲ್ಲೇ ಬಜೆಟ್. 1860ರಲ್ಲಿ ಗವರ್ನರ್ ಟ್ರೆವೆಲಿಯನ್ ಸಾಹೇಬ ಮಿತವ್ಯಯವೆಂದು ಇಡೀ ವ್ಯವಸ್ಥೆಯನ್ನು ಒಡೆದು ದನ ಮಾರಿಸಿದ. ಫಿರಂಗಿಗೆ ತಕ್ಕ ಎತ್ತು ಸಿಗದೆ 1866ರಲ್ಲಿ ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. ಮಾರಲು ಒಂದು ರುಜು ಸಾಕು. ಕರು ಹುಟ್ಟಿ, ಬೆಳೆದು, ನೊಗಕ್ಕೆ ಹೆಗಲು ಕೊಡಲು ವರ್ಷಗಳೇ ಬೇಕು. ಆಯವ್ಯಯ ಪತ್ರದಲ್ಲಿ ಅದಕ್ಕೊಂದು ಕಲಮು ಇರುವುದಿಲ್ಲ.

ಅತ್ತೆ ಸೋಲಲಿಲ್ಲ. “ಎತ್ತು ಸರಿ. ಅದು ಕಾಫಿ ಕೇಳಲ್ಲ.”

ಈಗ ಫಿರಂಗಿಯೂ ಇಲ್ಲ, ಹೊಲದಲ್ಲಿ ಟ್ರ್ಯಾಕ್ಟರು. ಕಾವಲುಗಳೂ ಅಂಚಿನಿಂದ ಕರಗುತ್ತ ಬಂದಿವೆ. ಕಡೂರಿನ ಬಾಸೂರು ಕಾವಲು 2011ರಲ್ಲಿ ಕೃಷ್ಣಮೃಗಗಳ ಹೆಸರಲ್ಲಿ ಸಂರಕ್ಷಿತವಾಯಿತು. ಎತ್ತಿನ ಹುಲ್ಲು ಜಿಂಕೆಯ ಪಾಲಾದದ್ದಕ್ಕೆ ನನಗೇನೂ ಬೇಸರವಿಲ್ಲ. ಮಾವನಿಗೆ ಮಾತ್ರ ಕರೆ ಬರಲಿಲ್ಲ. ಅಂಚೆಯಣ್ಣ ತರುತ್ತಿದ್ದುದು ವಿಮೆಯ ಕಾಗದ.

ಒಮ್ಮೆ ಅವರ ಜೊತೆ ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರಕ್ಕೆ ಹೋದೆ. ಉದ್ದ ಕೊಂಬಿನ ಹೋರಿಯೊಂದು ಮಾವನ ಬೂಟನ್ನೇ ದುರುಗುಟ್ಟಿ ನೋಡಿತು. “ಹತ್ರ ಹೋಗ್ಬೇಡಿ ಸಾರ್, ಹಾಯುತ್ತೆ,” ಎಂದ ಅಲ್ಲಿದ್ದವನು.

“ಇದಕ್ಕೀಗ ಏನಪ್ಪ ಕೆಲಸ?”

“ತಳಿ ಉಳಿಸೋದು ಸಾರ್.”

ಮಾವ ಜೇಬಿನಿಂದ ಪೆನ್ನು ತೆಗೆದು, ತಲೆಗೆಷ್ಟು ಮೇವು ಎಂದು ಕೇಳತೊಡಗಿದರು.