ಗುಳಿಗೆಗೂ ತುಪ್ಪ ಬೇಕೆ?

ಕಳೆದ ಮಳೆಗಾಲದಲ್ಲಿ ತಂದೆ-ತಾಯಿ ಧಾರವಾಡದಿಂದ ಪುಣೆಗೆ, ನಮ್ಮಲ್ಲಿಗೆ ಬಂದಿದ್ದರು. ಬಂದ ಕೆಲವೇ ದಿನಗಳಲ್ಲಿ ತಂದೆಯವರ ಸೊಂಟದ ಸುತ್ತ ಗಜಕರ್ಣ ಎದ್ದಿತು. ವೈದ್ಯರು ಗ್ರಿಸಿಯೋಫುಲ್ವಿನ್ ಗುಳಿಗೆ ಬರೆದುಕೊಟ್ಟರು. ಮೂರು ವಾರ ಕಳೆದರೂ ತುರಿಕೆ ಇಳಿಯಲಿಲ್ಲ. ಕೂಸಿಗೆ ಅಂಟೀತೆಂಬ ಅಂಜಿಕೆಯಿಂದ ಅವರು ಮೊಮ್ಮಗಳನ್ನು ಎತ್ತಿಕೊಳ್ಳುವುದನ್ನೇ ಬಿಟ್ಟರು. ಆಕೆ ಕೈ ಚಾಚಿದಾಗಲೆಲ್ಲ ಅವರು ಮುಖ ತಿರುಗಿಸುವುದನ್ನು ನೋಡಿ ನಮಗೆ ಸಂಕಟವಾಗುತ್ತಿತ್ತು.

ಮತ್ತೆ ವೈದ್ಯರ ಬಳಿಗೆ ಹೋದೆವು. ಅವರು ಔಷಧ ಬದಲಿಸಲಿಲ್ಲ. "ಗುಳಿಗೆ ಯಾವಾಗ ನುಂಗುತ್ತೀರಿ?" ಎಂದಷ್ಟೇ ಕೇಳಿದರು. ಬೆಳಿಗ್ಗೆ, ಬರಿ ಹೊಟ್ಟೆಯಲ್ಲಿ, ನೀರಿನೊಡನೆ! ಮೇಲಾಗಿ, ಹೃದಯದ ಹೆದರಿಕೆಯಿಂದ ನಾವೇ ಅವರ ತಟ್ಟೆಯಿಂದ ತುಪ್ಪವನ್ನು ಗಡೀಪಾರು ಮಾಡಿದ್ದೆವು.

ಈ ಔಷಧ ನೀರಿನಲ್ಲಿ ಕರಗುವುದು ಬಲು ಕಡಿಮೆಯಂತೆ. ಕರಗದ್ದು ಕರುಳಿನ ಗೋಡೆಯನ್ನು ದಾಟದು. ಊಟದಲ್ಲಿ ಜಿಡ್ಡಿದ್ದರೆ ಪಿತ್ತರಸ ಹರಿದುಬಂದು ಅದನ್ನು ಕಣ್ಣಿಗೆ ಕಾಣದ ಹನಿಗಳಾಗಿ ಒಡೆಯುತ್ತದೆ. ಆ ಹನಿಗಳಲ್ಲಿ ಕರಗಿದ ಔಷಧ ರಕ್ತ ಸೇರುತ್ತದೆ. ಮಧ್ಯಾಹ್ನ ತುಪ್ಪದ ಊಟದೊಡನೆ ಗುಳಿಗೆ ಕೊಡಿರೆಂದರು. ಅವ್ವ ನಕ್ಕಳು: "ಹೋಳಿಗಿಗೆ ತುಪ್ಪ ಬೇಕಂತ ಗೊತ್ತಿತ್ತು, ಗುಳಿಗಿಗೂ ಬೇಕಂತ ಇವತ್ತ ಗೊತ್ತಾತು!"

ಅಡಿಗೆಮನೆಯ ಈ ಉಪಾಯವನ್ನೇ ಔಷಧ ತಯಾರಕರು ಕ್ಯಾಪ್ಸೂಲಿನೊಳಗೆ ಇಟ್ಟಿದ್ದಾರೆ. ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಿಗೆ ಕೊಡುವ ಸೈಕ್ಲೋಸ್ಪೋರಿನ್ ಕೂಡ ನೀರಿಗೆ ಒಗ್ಗದು. ಮೊದಲು ಎಣ್ಣೆಯಲ್ಲಿ ಕರಗಿಸಿ ಕೊಡುತ್ತಿದ್ದರು. ಒಬ್ಬರ ಮೈಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಸೇರುತ್ತಿತ್ತು. ೧೯೯೫ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ನಿಯೋರಲ್‌ನಲ್ಲಿ ಎಣ್ಣೆಯನ್ನು ನೀರಿನೊಡನೆ ಬೆರೆಸುವ ಪದಾರ್ಥವೂ ಇದೆ. ಹೊಟ್ಟೆಯ ನೀರು ತಾಗಿದೊಡನೆ ಅದು ತಾನಾಗಿಯೇ ಸೂಕ್ಷ್ಮ ಹನಿಗಳಾಗುತ್ತದೆ.

ನಮ್ಮ ನೆರೆಯ ಪಿಂಪ್ರಿಗೂ ಈ ತೊಡಕು ಹೊಸದಲ್ಲ. ಅಲ್ಲಿ ೧೯೫೪ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ನಲ್ಲಿ, ಕನ್ನಡನಾಡಿನಲ್ಲಿ ಹುಟ್ಟಿದ ಎಂ. ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ಶಿಲೀಂಧ್ರಗಳನ್ನು ಕೊಲ್ಲುವ ಹಾಮೈಸಿನ್ ಕಂಡುಹಿಡಿದರು. ಅದೂ ನೀರಿನಲ್ಲಿ ಕರಗಲೊಲ್ಲದು. ಮುಂದೆ ವಿಜ್ಞಾನಿಗಳು ಅದನ್ನು ಕೊಬ್ಬಿನ ಸೂಕ್ಷ್ಮ ಕೋಶಗಳಲ್ಲಿ ತುಂಬಿ ಪ್ರಯೋಗ ನಡೆಸಿದರು.

ಹಾಗೆಂದು ಎಲ್ಲ ಗುಳಿಗೆಗೂ ತುಪ್ಪ ಸಲ್ಲದು. ಥೈರಾಯ್ಡ್ ಗುಳಿಗೆಯಂಥವು ಬರಿ ಹೊಟ್ಟೆಯನ್ನೇ ಬೇಡುತ್ತವೆ. ಕೇಳಿ ತಿಳಿಯಬೇಕು, ನಾವು ಕೇಳಿರಲಿಲ್ಲ.

ನವರಾತ್ರಿಯ ಹೊತ್ತಿಗೆ ತಂದೆಯವರ ಮೈ ತಿಳಿಯಾಯಿತು. ವಿಜಯದಶಮಿಯಂದು ಬನ್ನಿ ಕೊಡಲು ಹೊರಟಾಗ ಮೊಮ್ಮಗಳು ಅವರ ಹೆಗಲ ಮೇಲಿದ್ದಳು.